ದಸರಾ ರಜೆಯಲ್ಲಿ ಸೇಶೆಲ್ಸ್: ಹಾಯಿದೋಣಿಯ ಒಂದು ವಾರ

ಹಿಂದೂ ಮಹಾಸಾಗರದ ದ್ವೀಪದೇಶ ಸೇಶೆಲ್ಸ್‌ನಲ್ಲಿ ಹಾಯಿದೋಣಿ ಬಾಡಿಗೆಗೆ ಪಡೆದು ಕಳೆಯುವ ವಾರವನ್ನು ಕೊನೆಯ ದಿನದಿಂದ ಹಿಂದಕ್ಕೆ ಎಣಿಸಿಕೊಂಡು ಬರಬೇಕು. ಬಾಡಿಗೆ ಶನಿವಾರದಿಂದ ಶನಿವಾರಕ್ಕೆ ಎಂದಿದ್ದರೂ ಹೆಚ್ಚಿನ ಕಂಪನಿಗಳು ಶುಕ್ರವಾರ ಸಂಜೆ ನಾಲ್ಕೈದು ಗಂಟೆಯೊಳಗೆ ದೋಣಿ ಮಾಹೆ ದ್ವೀಪದ ಈಡನ್ ಐಲೆಂಡ್ ಮರೀನಾಕ್ಕೆ ಮರಳಿರಬೇಕು ಎನ್ನುತ್ತವೆ. ಆ ರಾತ್ರಿ ಧಕ್ಕೆಯಲ್ಲೇ ಮಲಗಿ, ಬೆಳಿಗ್ಗೆ ಒಂಬತ್ತರ ಹೊತ್ತಿಗೆ ಇಳಿಯುವುದು. ವಾರದ ಸುತ್ತಾಟ ಹೆಚ್ಚಾಗಿ ಪ್ರಾಲಿನ್ ದ್ವೀಪದ ಸುತ್ತ, ಅಲ್ಲಿಂದ ಮಾಹೆಗೆ ಸುಮಾರು 25 ನಾಟಿಕಲ್ ಮೈಲಿ. 6 ನಾಟ್ ವೇಗದಲ್ಲಿ, ಅಂದರೆ ಗಂಟೆಗೆ 6 ನಾಟಿಕಲ್ ಮೈಲಿಯಂತೆ, ನಾಲ್ಕು ಗಂಟೆಗೂ ಮೇಲೆ. ಅಂದರೆ ಗುರುವಾರ ರಾತ್ರಿ ಪ್ರಾಲಿನ್‌ನ ಪೂರ್ವದ ಕೊಲ್ಲಿಯಲ್ಲಿ ಲಂಗರು ಬಿದ್ದಿರಲೇಬೇಕು. ಇದೊಂದು ಗೆರೆ ಹಾಕಿಕೊಂಡ ಮೇಲೆ ಮಧ್ಯದಲ್ಲಿ ಉಳಿಯುವುದು ನಾಲ್ಕೇ ದಿನ. ಆ ನಾಲ್ಕು ದಿನ ಎಲ್ಲಿ ತಂಗಬೇಕು ಎನ್ನುವುದನ್ನು ಗಾಳಿ ತೀರ್ಮಾನಿಸುತ್ತದೆ. ಇಂಟರ್ನೆಟ್ಟಿನ ಫೋಟೋ ನೋಡಿ ಕಡಲತೀರಗಳ ಪಟ್ಟಿ ಮಾಡಿಕೊಂಡು ಅದನ್ನೇ ದಾರಿ ಅಂದುಕೊಂಡವರು ಎರಡನೇ ರಾತ್ರಿಯೇ ನಿದ್ದೆಗೆಡುತ್ತಾರೆ.

ಗಾಳಿಯ ಲೆಕ್ಕ ಕನ್ನಡಿಗರಿಗೆ ಹೊಸದೇನಲ್ಲ. ಮೇಯಿಂದ ಸೆಪ್ಟೆಂಬರ್‌ವರೆಗೆ ಸೇಶೆಲ್ಸ್ ಮೇಲೆ ಬೀಸುವ ಆಗ್ನೇಯ ಗಾಳಿಯೇ ಭೂಮಧ್ಯರೇಖೆ ದಾಟಿ, ಬಲಕ್ಕೆ ತಿರುಗಿ, ನೈಋತ್ಯ ಮುಂಗಾರಾಗಿ ನಮ್ಮ ಕರಾವಳಿಗೆ ಬರುವುದು. ಆಗುಂಬೆಯಲ್ಲಿ ಮಳೆ ಹೊಡೆಯುವ ಜುಲೈ–ಆಗಸ್ಟ್‌ನಲ್ಲಿ ಅಲ್ಲಿ 20–25 ನಾಟ್ ಗಾಳಿ, ಮಾಹೆ–ಪ್ರಾಲಿನ್ ನಡುವೆ ಎರಡು ಮೀಟರ್ ಅಲೆ. ಡಿಸೆಂಬರ್‌ನಿಂದ ಮಾರ್ಚ್‌ವರೆಗೆ ಗಾಳಿ ವಾಯವ್ಯದಿಂದ, ಜೊತೆಗೆ ಮಳೆ. ನಡುವಿನ ಏಪ್ರಿಲ್ ಮತ್ತು ಅಕ್ಟೋಬರ್–ನವೆಂಬರ್ ಗಾಳಿ ಬದಲಾಗುವ ಕಾಲ. ಕಡಲು ಶಾಂತವಾಗಿರುತ್ತದೆ, ನೀರು ತಿಳಿಯಾಗಿರುತ್ತದೆ. ನಮ್ಮ ಶಾಲೆಗಳ ಬೇಸಿಗೆ ರಜೆ, ದಸರಾ ರಜೆ ಎರಡೂ ಸರಿಯಾಗಿ ಇಲ್ಲೇ ಬರುತ್ತವೆ. ಮಕ್ಕಳಿರುವ ಕುಟುಂಬಕ್ಕೆ ಇದಕ್ಕಿಂತ ಒಳ್ಳೆಯ ಹೊಂದಾಣಿಕೆ ಇನ್ನೊಂದು ಸಿಗಲಾರದು. ಅನುಭವಿ ಹಾಯಿಗಾರರಿಗೆ ಮಾತ್ರ ಈ ತಿಂಗಳುಗಳಲ್ಲಿ ಬೇಸರವಾಗಬಹುದು, ಅರ್ಧ ದಾರಿ ಎಂಜಿನ್ ಮೇಲೆಯೇ ಹೋಗಬೇಕಾಗುತ್ತದೆ. ಮಾಹೆ, ಪ್ರಾಲಿನ್ ಸೇರಿದ ಒಳದ್ವೀಪಗಳು ಭೂಮಧ್ಯರೇಖೆಯ ದಕ್ಷಿಣಕ್ಕೆ ನಾಲ್ಕು ಡಿಗ್ರಿ ಚಿಲ್ಲರೆಯಲ್ಲಿವೆ, ಚಂಡಮಾರುತದ ಪಟ್ಟಿಯಿಂದ ಹೊರಗೆ.

ಇನ್ನೊಂದು ಅನುಕೂಲ ಉಂಟು. ಮಾಹೆಯಿಂದ ಪ್ರಾಲಿನ್ ಇರುವುದು ಹೆಚ್ಚುಕಡಿಮೆ ನೇರ ಈಶಾನ್ಯಕ್ಕೆ. ಗಾಳಿ ಆಗ್ನೇಯದಿಂದ ಬರಲಿ, ವಾಯವ್ಯದಿಂದ ಬರಲಿ, ಹೋಗುವಾಗಲೂ ಬರುವಾಗಲೂ ಅದು ಪಕ್ಕದಿಂದಲೇ ಸಿಗುತ್ತದೆ. ಹಾಯಿಗೆ ಇದು ವರ. ಹೊಟ್ಟೆಗೆ ಅಲ್ಲ, ಯಾಕೆಂದರೆ ಅಲೆಯೂ ಪಕ್ಕದಿಂದಲೇ ಹೊಡೆಯುತ್ತದೆ.

ಬುಕಿಂಗ್ ಆರೆಂಟು ತಿಂಗಳು ಮುಂಚೆ ಆಗಬೇಕು. ಎಂಟು ಜನಕ್ಕೆ 42 ಅಡಿಯ, ನಾಲ್ಕು ಕ್ಯಾಬಿನ್‌ನ ಕ್ಯಾಟಮರಾನ್ (ಜೋಡಿ ಒಡಲಿನ ದೋಣಿ) ರೂಢಿ: ಅಗಲ ಏಳೂವರೆ ಮೀಟರ್‌ಗೂ ಮೇಲೆ, ನೀರೊಳಗೆ ಮುಳುಗಿರುವ ಭಾಗ ಒಂದೂಕಾಲು ಮೀಟರ್. ನೀವೇ ನಡೆಸುವುದಾದರೆ ಬ್ರಿಟಿಷ್ ಹಾಯಿದೋಣಿ ಸಂಸ್ಥೆ ಆರ್‌ವೈಎಯ ಡೇ ಸ್ಕಿಪ್ಪರ್, ಅಂತರರಾಷ್ಟ್ರೀಯ ದೋಣಿಚಾಲಕ ಅರ್ಹತೆಯ ಐಸಿಸಿ ಥರದ ಪ್ರಮಾಣಪತ್ರದ ಜೊತೆಗೆ ಹಿಂದೆ ಎಷ್ಟು ಅಡಿಯ ದೋಣಿ, ಎಲ್ಲಿ, ಎಷ್ಟು ಮೈಲಿ ನಡೆಸಿದ್ದೀರಿ ಎಂಬ ಪಟ್ಟಿ ಕೇಳುತ್ತಾರೆ. ಇಲ್ಲದಿದ್ದರೆ ದೋಣಿ ನಡೆಸುವ ಸ್ಕಿಪ್ಪರ್ ಕಡ್ಡಾಯ. ದಿನಕ್ಕೆ ಸುಮಾರು 200 ಯೂರೋ, ಊಟ ನಿಮ್ಮದು, ಮಲಗಲು ಜಾಗವೂ ನಿಮ್ಮದೇ. ಎಂಟು ಜನ ನಾಲ್ಕು ಕ್ಯಾಬಿನ್ ತುಂಬಿಸಿದ ಮೇಲೆ ಸ್ಕಿಪ್ಪರ್ ಎಲ್ಲಿ ಮಲಗುತ್ತಾನೆ ಎನ್ನುವ ಪ್ರಶ್ನೆ ಶನಿವಾರ ಸಂಜೆ ಹುಟ್ಟಬಾರದು. ದೋಣಿಯ ಮೂತಿಯಲ್ಲಿ ಮಲಗುವ ಸಣ್ಣ ಗೂಡು ಇದೆಯೇ ಎಂದು ಬುಕಿಂಗ್‌ನಲ್ಲೇ ಕೇಳಿ. ಇರದಿದ್ದರೆ ಆರೇ ಜನ ಹೋಗಿ. ಸ್ಕಿಪ್ಪರ್ ಖರ್ಚು ಉಳಿಸಲು ಹೋಗಿ ಗ್ರಾನೈಟ್ ಬಂಡೆಗೆ ಚುಕ್ಕಾಣಿ ತಗುಲಿಸಿಕೊಂಡರೆ ಡೆಪಾಸಿಟ್ ಪೂರ್ತಿ ಹೋಗುತ್ತದೆ, ಆದ್ದರಿಂದ ಮೊದಲ ಸಲ ಸ್ಕಿಪ್ಪರ್ ಇರಲಿ ಎಂದೇ ನನ್ನ ಮತ.

ಕರಾರಿನಲ್ಲಿ ಬಾಡಿಗೆಯ ಅಂಕಿಗಿಂತ ಅದರ ಕೆಳಗಿನ ಸಾಲುಗಳನ್ನು ಓದಬೇಕು. ಹಾಸಿಗೆ–ಟವೆಲ್, ಡಿಂಗಿಯ (ದಡಕ್ಕೆ ಹೋಗಿಬರುವ ಸಣ್ಣ ದೋಣಿಯ) ಎಂಜಿನ್, ಅಡುಗೆ ಗ್ಯಾಸ್, ಕೊನೆಯ ಸ್ವಚ್ಛತೆ, ಸಂರಕ್ಷಿತ ಸಾಗರ ಉದ್ಯಾನಗಳ ಶುಲ್ಕ, ಮರೀನಾ ಶುಲ್ಕ: ಯಾವುದು ಸೇರಿದೆ, ಯಾವುದು ಅಲ್ಲ? ಡೀಸೆಲ್ ತುಂಬಿದ್ದು ಕೊಡುತ್ತಾರೆ, ತುಂಬಿಸಿ ಮರಳಿಸಬೇಕು. ಡೆಪಾಸಿಟ್ ಸಾಮಾನ್ಯವಾಗಿ ಕೆಲವು ಸಾವಿರ ಯೂರೋ, ಕ್ರೆಡಿಟ್ ಕಾರ್ಡ್ ಮೇಲೆ ತಡೆಹಿಡಿಯುತ್ತಾರೆ. ನಮ್ಮವರು ಸಿಕ್ಕಿಬೀಳುವುದು ಇಲ್ಲೇ. ಕಾರ್ಡ್‌ನಲ್ಲಿ ವಿದೇಶಿ ವಹಿವಾಟು ತೆರೆದಿರುವುದಿಲ್ಲ, ಅಥವಾ ಮಿತಿ ಸಾಲುವುದಿಲ್ಲ. ಹಣ ತಡೆಹಿಡಿಯಲಾಗದಿದ್ದರೆ ಕೀಲಿ ಕೊಡುವುದಿಲ್ಲ. ಹೊರಡುವ ಮುನ್ನ ಬ್ಯಾಂಕ್ ಆ್ಯಪ್‌ನಲ್ಲಿ ಎರಡನ್ನೂ ಸರಿಪಡಿಸಿಕೊಂಡು, ಇನ್ನೊಂದು ಕಾರ್ಡನ್ನೂ ಜೊತೆಗಿಡಿ.

ಶುಕ್ರವಾರ: ಒಂದು ದಿನ ಮೊದಲೇ

ದೋಣಿ ಹತ್ತುವ ದಿನವೇ ವಿಮಾನ ಇಳಿಯುವ ಹಾಗೆ ಟಿಕೆಟ್ ಮಾಡಬೇಡಿ. ದುಬೈ ಮೂಲಕ ಬರುವ ಸೂಟ್‌ಕೇಸ್ ಒಂದು ವಿಮಾನ ಹಿಂದೆ ಬಿದ್ದರೆ, ಅದು ಬಂದಾಗ ನೀವು 25 ಮೈಲಿ ಆಚೆ ಇರುತ್ತೀರಿ. ಭಾರತೀಯರಿಗೆ ವೀಸಾ ಬೇಡ. ಆದರೆ ಹೊರಡುವ ಮುನ್ನ ಆನ್‌ಲೈನ್ ಪ್ರಯಾಣ ಅನುಮತಿ ಪಡೆಯಲೇಬೇಕು. ವಸತಿಯ ಪುರಾವೆಯಾಗಿ ಮೊದಲ ರಾತ್ರಿಯ ಹೋಟೆಲ್ ಬುಕಿಂಗ್ ಮತ್ತು ದೋಣಿ ಬಾಡಿಗೆಯ (ಚಾರ್ಟರ್) ಕರಾರು ಎರಡನ್ನೂ ಸೇರಿಸಿ. ಸಮಯ ನಮಗಿಂತ ಒಂದೂವರೆ ಗಂಟೆ ಹಿಂದೆ. ಪ್ಲಗ್ ಬ್ರಿಟಿಷ್ ಮಾದರಿಯ ಮೂರು ಚೌಕ ಕಡ್ಡಿಯದು. ಏರ್‌ಟೆಲ್ ಸಿಮ್ ಅಲ್ಲಿಯೂ ಮಾರುತ್ತಾರೆ, ಆದರೆ ಅದು ಅಲ್ಲಿಯದೇ ಬೇರೆ ಸಿಮ್.

ಗಟ್ಟಿ ಸೂಟ್‌ಕೇಸ್ ತರಬೇಡಿ. ದೋಣಿಯ ಕ್ಯಾಬಿನ್‌ನಲ್ಲಿ ಅದನ್ನು ಇಡಲು ಜಾಗವೇ ಇರುವುದಿಲ್ಲ, ವಾರಪೂರ್ತಿ ಯಾರದೋ ಕಾಲ ಬಳಿ ಬಿದ್ದಿರುತ್ತದೆ. ಮಡಚಿಡಬಹುದಾದ ಬಟ್ಟೆಯ ಚೀಲವೇ ಸರಿ. ಊರಿಂದ ತರುವ ತಿಂಡಿಯಲ್ಲಿ ಹಸಿ ಹಣ್ಣು, ತರಕಾರಿ, ಗಿಡ, ಬೀಜ ಇರಬಾರದು. ಅಲ್ಲಿ ಜೈವಿಕ ತಪಾಸಣೆ ಬಿಗಿ. ಸಾರಿನ ಪುಡಿ, ಚಟ್ನಿಪುಡಿ, ಅವಲಕ್ಕಿ, ರವೆ ಅಂಗಡಿಯ ಸೀಲ್ ಮಾಡಿದ ಪ್ಯಾಕೆಟ್‌ನಲ್ಲಿರಲಿ, ಕೇಳಿದ ಕಡೆ ಘೋಷಿಸಿ. ಅಕ್ಕಿ, ಬೇಳೆ ಹೊರಬೇಡಿ, ಅವು ಅಲ್ಲಿನ ದಿನದೂಟವೇ ಆದ್ದರಿಂದ ಎಲ್ಲ ಕಡೆ ಸಿಗುತ್ತವೆ. ಐದು ಲೀಟರಿನ ಪ್ರೆಷರ್ ಕುಕ್ಕರ್ ಮಾತ್ರ ಮನೆಯಿಂದ ಬಂದರೆ ಗ್ಯಾಸ್ ಅರ್ಧ ಉಳಿಯುತ್ತದೆ.

ಶನಿವಾರ: ದೋಣಿ ಕೈಗೆ ಬರುವ ದಿನ

ಬೆಳಿಗ್ಗೆ ರಾಜಧಾನಿ ವಿಕ್ಟೋರಿಯಾದ ಸೆಲ್ವಿನ್-ಕ್ಲಾರ್ಕ್ ಮಾರುಕಟ್ಟೆ. ಭಾನುವಾರ ಮುಚ್ಚಿರುತ್ತದೆ, ಆದ್ದರಿಂದ ತರಕಾರಿ, ಹಣ್ಣು, ಮೀನು ಎಲ್ಲ ಇವತ್ತೇ. ಕರಿಬೇವು, ಹಸಿಮೆಣಸು, ಹುಣಸೆ, ತೆಂಗಿನಕಾಯಿಗೆ ಕೊರತೆಯಿಲ್ಲ. ಟೊಮೆಟೊ, ಈರುಳ್ಳಿ, ಆಲೂಗಡ್ಡೆ ಹೆಚ್ಚಾಗಿ ಹಡಗಿನಲ್ಲಿ ಬಂದವು, ಬೆಲೆ ಬೆಂಗಳೂರಿನ ಎರಡು–ಮೂರು ಪಟ್ಟು ಎಂದುಕೊಂಡೇ ಹೋಗಿ. ಹತ್ತಿರದಲ್ಲೇ ಬಣ್ಣದ ಗೋಪುರದ ನವಶಕ್ತಿ ವಿನಾಯಕ ದೇವಸ್ಥಾನವಿದೆ; ತಮಿಳು ಮೂಲದವರು ಅಲ್ಲಿ ತಲೆಮಾರುಗಳಿಂದ ಇದ್ದಾರೆ, ಸುತ್ತಮುತ್ತ ಅವರ ದಿನಸಿ ಅಂಗಡಿಗಳಲ್ಲಿ ಉದ್ದಿನಬೇಳೆಯೂ ಸಿಕ್ಕೀತು. ಉಳಿದ ಸಾಮಾನು ಈಡನ್ ಐಲೆಂಡಿನ ಸೂಪರ್‌ಮಾರ್ಕೆಟ್‌ನಿಂದ ಟ್ರಾಲಿಯಲ್ಲೇ ಧಕ್ಕೆಗೆ ತರಬಹುದು.

ಎಂಟು ಜನಕ್ಕೆ ಲೆಕ್ಕ ಹೀಗೆ. ಒಂದು ಊಟಕ್ಕೆ ಅಕ್ಕಿ 600 ಗ್ರಾಂ, ವಾರದಲ್ಲಿ ಹತ್ತು ಊಟ ದೋಣಿಯಲ್ಲಿ ಎಂದರೆ 6 ಕಿಲೋ. ಕುಡಿಯುವ ನೀರು ತಲೆಗೆ ದಿನಕ್ಕೆ ಎರಡೂವರೆ ಲೀಟರ್, ವಾರಕ್ಕೆ 140 ಲೀಟರ್. 5 ಲೀಟರಿನ ಕ್ಯಾನ್ 28. ಅಷ್ಟನ್ನೂ ಮೊದಲ ದಿನವೇ ಹೇರಬೇಡಿ. ಅರ್ಧ ಇಲ್ಲಿ, ಇನ್ನರ್ಧ ಮಂಗಳವಾರ ಪ್ರಾಲಿನ್‌ನಲ್ಲಿ. ರಟ್ಟಿನ ಪೆಟ್ಟಿಗೆಗಳನ್ನು ಧಕ್ಕೆಯಲ್ಲೇ ಬಿಚ್ಚಿ ಎಸೆದು ಹತ್ತಬೇಕು, ಜಿರಳೆ ದೋಣಿ ಸೇರುವುದು ರಟ್ಟಿನ ಸಂದಿಯಲ್ಲಿ ಕೂತು.

ತೊಳೆಯುವ ನೀರು ಬೇರೆ ಲೆಕ್ಕ. ಮಿತವಾಗಿ ಬಳಸಿದರೂ ತಲೆಗೆ 20 ಲೀಟರ್, ಎಂಟು ಜನಕ್ಕೆ ದಿನಕ್ಕೆ 160. ಟ್ಯಾಂಕ್ 300 ಲೀಟರಿನದಾದರೆ ಎರಡು ದಿನವೂ ಬಾರದು, 600 ಆದರೆ ನಾಲ್ಕು ದಿನಕ್ಕೆ ಸ್ವಲ್ಪ ಕಡಿಮೆ. ಉಪ್ಪುನೀರನ್ನು ಸಿಹಿಯಾಗಿಸುವ ಯಂತ್ರವಿದೆಯೇ ಎಂದು ಬುಕಿಂಗ್‌ನಲ್ಲೇ ಕೇಳಿರಬೇಕು. ಇದ್ದರೂ ಅದಕ್ಕೆ ಜನರೇಟರ್ ಓಡಬೇಕು. ಪಾತ್ರೆಗಳನ್ನು ಮೊದಲು ಸಮುದ್ರದ ನೀರಲ್ಲಿ ತಿಕ್ಕಿ, ಕೊನೆಗೊಮ್ಮೆ ಸಿಹಿನೀರಲ್ಲಿ ಅದ್ದಿ ತೆಗೆಯುವ ಪದ್ಧತಿ ಎಲ್ಲ ದೋಣಿಗಳದು.

ದೋಣಿ ಹಸ್ತಾಂತರ ಮಧ್ಯಾಹ್ನ ಮೂರರ ಮೇಲೆ. ಕಂಪನಿಯವರು ಅರ್ಧ ಗಂಟೆಯಲ್ಲಿ ಮುಗಿಸಲು ನೋಡುತ್ತಾರೆ, ನೀವು ಎರಡು ಗಂಟೆ ತೆಗೆದುಕೊಳ್ಳಿ. ಬದಿಗಳ ಗೀರು, ಡಿಂಗಿಯ ಪ್ರೊಪೆಲ್ಲರ್ ರೆಕ್ಕೆ, ಹಾಯಿಯ ಹೊಲಿಗೆ, ಕಿಟಕಿಯ ಬಿರುಕು ಎಲ್ಲದರ ಫೋಟೋ ದಿನಾಂಕ ಸಮೇತ. ನಂತರ ಓಡಿಸಿ ನೋಡುವುದು. ಎರಡೂ ಎಂಜಿನ್ ಚಾಲೂ ಮಾಡಿ ಹಿಂದೆ ಹೊಗೆಯ ಜೊತೆ ನೀರು ಉಗುಳುತ್ತದೆಯೇ ನೋಡಿ. ನೀರು ಬಾರದಿದ್ದರೆ ಪಂಪಿನ ರಬ್ಬರ್ ಚಕ್ರ ಹರಿದಿದೆ ಅಥವಾ ಜಾಲರಿ ಕಟ್ಟಿದೆ ಎಂದರ್ಥ, ಐದು ನಿಮಿಷದಲ್ಲಿ ಎಂಜಿನ್ ಬಿಸಿಯೇರುತ್ತದೆ. ಆ ರಬ್ಬರ್ ಚಕ್ರ ಒಂದು ಹೆಚ್ಚುವರಿ ಇದೆಯೇ ಕೇಳಿ. ಲಂಗರು ಎತ್ತುವ ಮೋಟರ್ ಎಂಜಿನ್ ಓಡುತ್ತಿರುವಾಗ ಮಾತ್ರ ಬಳಸಬೇಕು, ಹೊರೆ ಹೆಚ್ಚಾದರೆ ಅದರ ಬ್ರೇಕರ್ ಬೀಳುತ್ತದೆ. ಬ್ರೇಕರ್ ಎಲ್ಲಿದೆ ಎಂದು ಈಗಲೇ ಕೈಯಿಂದ ಮುಟ್ಟಿ ನೋಡಿ. ರಾತ್ರಿ ಗಾಳಿ ಎದ್ದು ಲಂಗರು ಕಿತ್ತಾಗ ಹುಡುಕುವ ವಸ್ತು ಅದಲ್ಲ. ಡಿಂಗಿಯ ಎಂಜಿನ್ ನಿಮ್ಮ ಕೈಯಲ್ಲೇ ಎರಡು ಸಲ ಸ್ಟಾರ್ಟ್ ಆಗಲಿ. ಮಣಿಕಟ್ಟಿಗೆ ಕಟ್ಟುವ, ನಡೆಸುವವರು ಬಿದ್ದರೆ ಎಂಜಿನ್ ಆರಿಸುವ ಕೆಂಪು ಸುರಕ್ಷತಾ ದಾರ ಎರಡು ಇರಲಿ, ಒಂದು ನೀರು ಪಾಲಾಗುವುದು ಸಾಮಾನ್ಯ. ಲೈಫ್ ಜಾಕೆಟ್ ಎಣಿಸಿ, ಮಕ್ಕಳ ಅಳತೆಯದನ್ನು ಮಕ್ಕಳಿಗೇ ತೊಡಿಸಿ ನೋಡಿ. ಬ್ಯಾಟರಿ ಮಾಪಕ 12.2 ವೋಲ್ಟ್‌ಗೆ ಇಳಿದರೆ ಎಂಜಿನ್ ಅಥವಾ ಜನರೇಟರ್ ಹಾಕಲೇಬೇಕು, ಫ್ರಿಜ್ಜೇ ಅದನ್ನು ಹೆಚ್ಚು ತಿನ್ನುವುದು. ಎಸಿ ಬೇಕಿದ್ದರೆ ಜನರೇಟರ್ ಓಡುತ್ತಲೇ ಇರಬೇಕು. ಪಕ್ಕದ ದೋಣಿಯವರ ಶಾಪ ಉಚಿತ.

ಇನ್ನು ಟಾಯ್ಲೆಟ್. ಚಾರ್ಟರ್ ದೋಣಿಗಳಲ್ಲಿ ಅತಿ ಹೆಚ್ಚು ಕೆಡುವುದು ಇದೇ, ಕಾರಣ ಯಾವಾಗಲೂ ಒಂದೇ: ಕಾಗದ. ಹೊಟ್ಟೆಯಿಂದ ಹೋದದ್ದು ಬಿಟ್ಟು ಬೇರೇನೂ ಹಾಕಕೂಡದು. ಮಗ್ಗು ಬಳಸುವ ನಮ್ಮವರಿಗೆ ಇಲ್ಲಿ ಸಲೀಸು. ಮಲದ ಟ್ಯಾಂಕ್‌ನ ಕವಾಟ ಉದ್ಯಾನ ಪ್ರದೇಶದಲ್ಲೂ ಲಂಗರಿನ ಕೊಲ್ಲಿಗಳಲ್ಲೂ ಮುಚ್ಚಿರಲಿ, ತೆರೆದ ಕಡಲಿನಲ್ಲಿ ಬಿಡುವುದು.

ಕತ್ತಲಾದ ಮೇಲೆ ದೋಣಿ ನಡೆಸುವುದನ್ನು ಕಂಪನಿಗಳು ನಿಷೇಧಿಸುತ್ತವೆ. ಅಕ್ಟೋಬರ್‌ನಲ್ಲಿ ಸಂಜೆ ಆರೂಕಾಲರೊಳಗೆ ಸೂರ್ಯ ಮುಳುಗಿ, ಇಪ್ಪತ್ತು ನಿಮಿಷದಲ್ಲಿ ಕತ್ತಲು. ಹಸ್ತಾಂತರ ಐದರೊಳಗೆ ಮುಗಿದರೆ ಎದುರಿಗೇ ಮೂರು ಮೈಲಿ ದೂರದ ಸಾಂತ್ ಆನ್ ಸಾಗರ ಉದ್ಯಾನಕ್ಕೆ ಹೋಗಿ ಮಲಗಬಹುದು. ಇಲ್ಲವಾದರೆ ಮರೀನಾದಲ್ಲೇ ಉಳಿದು, ಟ್ಯಾಂಕಿಗೆ ನೀರು ತುಂಬಿಸಿ, ಎಲ್ಲರಿಗೂ ವಾಂತಿ ತಡೆಯುವ ಮಾತ್ರೆ ಕೊಟ್ಟು ಮಲಗಿಸಿ. ಆ ಮಾತ್ರೆ ಹೊಟ್ಟೆ ತೊಳಸುವ ಮುಂಚೆಯೇ ಒಳಗೆ ಹೋದರೆ ಚೆನ್ನಾಗಿ ಕೆಲಸ ಮಾಡುವುದು. ಯಾವುದು, ಎಷ್ಟು ಎಂದು ಊರಲ್ಲೇ ವೈದ್ಯರನ್ನು ಕೇಳಿ ತಂದಿರಬೇಕು.

ಭಾನುವಾರ: ದೊಡ್ಡ ದಾಟು

ಬೆಳಿಗ್ಗೆ ಏಳಕ್ಕೆ ಹಗ್ಗ ಬಿಚ್ಚುವುದು. ಬಂದರಿನ ಕಾಲುವೆಯಲ್ಲಿ ಒಳಬರುವಾಗ ಕೆಂಪು ಗುರುತು ಎಡಕ್ಕೆ, ಹೊರಹೋಗುವಾಗ ಬಲಕ್ಕೆ. ಫೆರಿಗಳಿಗೆ ದಾರಿ ಬಿಡಿ. ವಿಎಚ್‌ಎಫ್ ರೇಡಿಯೋ 16ನೇ ಚಾನೆಲ್‌ನಲ್ಲಿರಲಿ.

ಗುರಿ ಪ್ರಾಲಿನ್‌ನ ವಾಯವ್ಯ ಮೂಲೆಯ ಆನ್ಸ್ ಲಾಜಿಯೊ (ಆನ್ಸ್ ಎಂದರೆ ಕೊಲ್ಲಿ), ಸುಮಾರು 25 ಮೈಲಿ. ಐದು ಗಂಟೆ ಹಿಡಿಯಿರಿ. ಅಕ್ಟೋಬರ್ ಮೊದಲ ವಾರಗಳಲ್ಲಿ ಆಗ್ನೇಯ ಗಾಳಿಯ ಬಾಲ ಇನ್ನೂ ಇರುತ್ತದೆ, 8–14 ನಾಟ್ ಸಿಕ್ಕರೆ ಹಾಯಿಯಲ್ಲೇ ಹೋಗಬಹುದು. ಒಂದು ಎಚ್ಚರ: ಒಂಟಿ ಒಡಲಿನ ದೋಣಿ ಗಾಳಿ ಹೆಚ್ಚಾದರೆ ವಾಲಿ ಹೇಳುತ್ತದೆ, ಕ್ಯಾಟಮರಾನ್ ಹೇಳುವುದಿಲ್ಲ. ಅದು ನೆಟ್ಟಗೇ ನಿಂತು ಹೊರೆ ಹೊರುತ್ತಾ ಹೋಗಿ ಕಡೆಗೆ ಏನನ್ನಾದರೂ ಮುರಿದುಕೊಳ್ಳುತ್ತದೆ. ಆದ್ದರಿಂದ ಮಾಪಕ 18 ನಾಟ್ ದಾಟಿದರೆ ದೊಡ್ಡ ಹಾಯಿಯನ್ನು ಒಂದು ಮಡಿಕೆ ಇಳಿಸುವುದು, ಆರಾಮವಾಗಿದೆ ಅನಿಸಿದರೂ. ಗಾಳಿ 6 ನಾಟ್‌ಗೆ ಬಿದ್ದರೆ ಎಂಜಿನ್. ಎರಡೂ ಎಂಜಿನ್ ಮಧ್ಯಮ ವೇಗದಲ್ಲಿ ಗಂಟೆಗೆ ಆರೇಳು ಲೀಟರ್ ಕುಡಿಯುತ್ತವೆ. ವಾರಕ್ಕೆ 20 ಗಂಟೆ ಓಡಿದರೆ 120–140 ಲೀಟರ್.

ಮಧ್ಯಾಹ್ನ ಹನ್ನೆರಡಕ್ಕೆ ತಲುಪುವ ಹಾಗೆ ಹೊರಡುವುದಕ್ಕೂ ಕಾರಣವಿದೆ. ಸೂರ್ಯ ನೆತ್ತಿಯ ಮೇಲಿದ್ದಾಗ ಮಾತ್ರ ನೀರಿನ ತಳ ಕಾಣುತ್ತದೆ: ತಿಳಿನೀಲಿ ಎಂದರೆ ಮರಳು, ಕಂದು ಎಂದರೆ ಹವಳ. ನಾಲ್ಕರ ಮೇಲೆ ಪಶ್ಚಿಮಕ್ಕೆ ಮುಖ ಮಾಡಿ ಕೊಲ್ಲಿಗೆ ನುಗ್ಗಿದರೆ ಬರೀ ಬೆಳ್ಳಿ ಹೊಳಪು, ಬಂಡೆ ಕಾಣುವುದೇ ಇಲ್ಲ.

ಲಂಗರು ಮರಳಿಗೇ ಬೀಳಬೇಕು, ಹವಳದ ಮೇಲೆ ಹಾಕುವಂತಿಲ್ಲ. ಸರಪಳಿಯ ಲೆಕ್ಕ: ನೀರಿನ ಆಳ 6 ಮೀಟರ್, ಮೂತಿಯ ಎತ್ತರ ಒಂದೂವರೆ, ಉಬ್ಬರಕ್ಕೆ ಇನ್ನೊಂದೂವರೆ, ಒಟ್ಟು 9, ಅದರ ಐದು ಪಟ್ಟು 45 ಮೀಟರ್. ಬಿಟ್ಟಾದ ಮೇಲೆ ಎರಡೂ ಮೂತಿಗಳಿಂದ ಬರುವ ಹಗ್ಗದ ಜೋಡಿಯನ್ನು ಸರಪಳಿಗೆ ಸಿಕ್ಕಿಸಿ ಹೊರೆಯನ್ನು ಮೋಟರ್‌ನಿಂದ ಅದಕ್ಕೆ ದಾಟಿಸಬೇಕು. ಆಮೇಲೆ ನಿಧಾನವಾಗಿ ರಿವರ್ಸ್, 1,500 ಆರ್‌ಪಿಎಂವರೆಗೆ ಏರಿಸಿ ಅರ್ಧ ನಿಮಿಷ ಹಿಡಿಯಿರಿ. ದಡದ ಎರಡು ಮರ ಒಂದರ ಹಿಂದೊಂದು ಸರಿಯದೆ ನಿಂತಿದ್ದರೆ ಲಂಗರು ಕಚ್ಚಿದೆ. ಈಜುಗನ್ನಡಕ ಹಾಕಿ ಮುಳುಗಿ ಒಮ್ಮೆ ಕಣ್ಣಲ್ಲೇ ನೋಡಿ, ಫೋನಿನಲ್ಲಿ ಲಂಗರು ಅಲಾರಂ ಇಟ್ಟು ಮಲಗಿ. ಹೆಚ್ಚಿನವರು ಮಾಡುವ ತಪ್ಪೆಂದರೆ ಆಳವನ್ನಷ್ಟೇ ಎಣಿಸಿ 20 ಮೀಟರ್ ಬಿಟ್ಟು ನಿಲ್ಲಿಸುವುದು. ಸರಪಳಿ ನೇರ ಮೇಲೆ ಎಳೆದಾಗ ಲಂಗರು ಉಳುವುದಿಲ್ಲ, ಕಿತ್ತು ಬರುತ್ತದೆ.

ವಾಯವ್ಯದ ಅಲೆ ಬರುತ್ತಿದ್ದರೆ ಲಾಜಿಯೊ ಆಸೆ ಬಿಡಿ. ರಾತ್ರಿಯಿಡೀ ದೋಣಿ ತೊಟ್ಟಿಲಿನಂತೆ ತೂಗುತ್ತದೆ, ದಡದಲ್ಲಿ ಡಿಂಗಿ ಮಗುಚುವ ಅಪಾಯ ಬೇರೆ. ಎರಡು ಮೈಲಿ ಮುಂದೆ ಹೋಗಿ ಕ್ಯೂರಿಯೂಸ್ ದ್ವೀಪದ ಮರೆಯಲ್ಲಿ ನಿಲ್ಲುವುದೇ ಸರಿ. ಕಡಲು ಶಾಂತವಿದ್ದಾಗಲೂ ಡಿಂಗಿಯಲ್ಲಿ ದಡ ಸೇರುವಾಗ ಅಲೆಗಳ ನಡುವಿನ ಬಿಡುವು ನೋಡಿ, ಕೊನೆಯ ಹತ್ತು ಮೀಟರ್ ಎಂಜಿನ್ ಎತ್ತಿ ಹುಟ್ಟು ಹಾಕುವುದು ಕ್ಷೇಮ. ಫೋನು, ಪಾಸ್‌ಪೋರ್ಟ್ ದೋಣಿಯಲ್ಲೇ ಇರಲಿ.

ಸೋಮವಾರ: ಕ್ಯೂರಿಯೂಸ್

ಪ್ರಾಲಿನ್‌ನ ಹೋಟೆಲುಗಳಿಂದ ದಿನದ ಪ್ರವಾಸಿ ದೋಣಿಗಳು ಹತ್ತರ ಹೊತ್ತಿಗೆ ಬಂದಿಳಿಯುತ್ತವೆ. ದೋಣಿಯಲ್ಲೇ ತಂಗಿದವರಿಗೆ ಇರುವ ದೊಡ್ಡ ಲಾಭ ಅವರಿಗಿಂತ ಮುಂಚೆ ಮುಗಿಸುವುದು. ಲಾರೆ ಕೊಲ್ಲಿಯಲ್ಲಿ ಉದ್ಯಾನದವರ ಮೂರಿಂಗ್ ಬಾಯ್‌ಗಳಿವೆ, ಅಂದರೆ ತಳಕ್ಕೆ ಕಟ್ಟಿದ ತೇಲುಗುಂಡುಗಳು. ಗಾಳಿಗೆ ಎದುರಾಗಿ ನಿಧಾನ ಬಂದು, ಎಡಮೂತಿಯಿಂದ ಒಂದು, ಬಲಮೂತಿಯಿಂದ ಒಂದು ಹಗ್ಗ ಅದರ ಬಳೆಯೊಳಗೆ ತೂರಿಸಿ ತಿರುಗಿ ಅದೇ ಬದಿಗೆ ಕಟ್ಟುವುದು. ಒಂದೇ ಹಗ್ಗವನ್ನು ಬಳೆಯಲ್ಲಿ ಹಾಯಿಸಿ ಎರಡೂ ಬದಿಗೆ ಕಟ್ಟಿದರೆ ರಾತ್ರಿಯಿಡೀ ಆಚೀಚೆ ಗರಗಸದಂತೆ ಉಜ್ಜಿ ಹರಿಯುತ್ತದೆ.

ಶುಲ್ಕ ಕಟ್ಟಿ ದಡ ಹತ್ತಿದರೆ ಅಲ್ಡಾಬ್ರಾದ ದೈತ್ಯ ಆಮೆಗಳು ಬಿಡುಬೀಸಾಗಿ ಓಡಾಡಿಕೊಂಡಿವೆ. ಕತ್ತು ಸವರಿಸಿಕೊಳ್ಳುತ್ತವೆ, ಬೆನ್ನ ಮೇಲೆ ಮಕ್ಕಳನ್ನು ಕೂರಿಸಬೇಡಿ. ಅಲ್ಲಿಂದ ಕಾಂಡ್ಲಾ ಕಾಡಿನ ಮರದ ಹಾದಿಯಲ್ಲಿ ನಡೆದು ದಕ್ಷಿಣದ ಆನ್ಸ್ ಸೇಂಟ್ ಜೋಸೆ ಸೇರಬಹುದು. ಈ ದ್ವೀಪ 1833ರಿಂದ ಕುಷ್ಠರೋಗಿಗಳ ವಸಾಹತಾಗಿತ್ತು, 1965ರವರೆಗೂ. ವೈದ್ಯರು ಇದ್ದ ಮನೆ ಈಗ ಸಣ್ಣ ವಸ್ತುಸಂಗ್ರಹಾಲಯ. ಕೊಲ್ಲಿಯ ಬಾಯಿಗೆ ಕಡಲಾಮೆ ಸಾಕಲೆಂದು ಕಟ್ಟಿದ್ದ ಕಲ್ಲುಕಟ್ಟೆಯನ್ನು 2004ರ ಸುನಾಮಿ ಒಡೆಯಿತು, ಉಳಿದ ಕಲ್ಲುಗಳು ಕಾಣುತ್ತವೆ. ಗಟ್ಟಿ ಚಪ್ಪಲಿ, ನೀರು, ಸೊಳ್ಳೆ ಮುಲಾಮು ಜೊತೆಗಿರಲಿ.

ಮಧ್ಯಾಹ್ನ ಸೇಂಟ್ ಪಿಯರ್ ಎಂಬ ಪುಟ್ಟ ಬಂಡೆದ್ವೀಪದ ಸುತ್ತ ಸ್ನಾರ್ಕೆಲಿಂಗ್. ಡಿಂಗಿಯಲ್ಲಿ ಒಬ್ಬರು ಎಂಜಿನ್ ಆರಿಸಿಕೊಂಡು ಕಾವಲಿರಬೇಕು, ಪ್ರವಾಸಿ ದೋಣಿಗಳ ಓಡಾಟ ಜಾಸ್ತಿ. ಈಟಿಯಿಂದ ಮೀನು ಹೊಡೆಯುವುದು ದೇಶದಲ್ಲೆಲ್ಲೂ ನಿಷಿದ್ಧ. ಉದ್ಯಾನದೊಳಗೆ ಗಾಳವೂ ಹಾಕುವಂತಿಲ್ಲ, ಶಂಖ–ಹವಳ ಎತ್ತುವಂತಿಲ್ಲ. ರಾತ್ರಿ ಅದೇ ತೇಲುಗುಂಡಿಗೆ.

ಮಂಗಳವಾರ: ನೀರು, ಡೀಸೆಲ್, ವಾಲೆ ದ ಮೈ

ಪ್ರಾಲಿನ್‌ನ ಪೂರ್ವ ತುದಿ ಸುತ್ತಿ ಬೇ ಸಾಂತ್ ಆನ್‌ಗೆ ಸುಮಾರು ಏಳು ಮೈಲಿ. ಮಾಹೆಯ ಸಾಂತ್ ಆನ್ ದ್ವೀಪಕ್ಕೂ ಇದಕ್ಕೂ ಸಂಬಂಧವಿಲ್ಲ. ಹೆಸರು ಒಂದೇ ಆದ್ದರಿಂದ ಹವಾಮಾನ ನೋಡುವಾಗ, ಫೋನಿನಲ್ಲಿ ಜಾಗ ಹೇಳುವಾಗ ದ್ವೀಪದ ಹೆಸರನ್ನೂ ಸೇರಿಸಿ ಹೇಳಿ. ವಾರದ ಮಧ್ಯದಲ್ಲಿ ಟ್ಯಾಂಕ್ ತುಂಬಿಸಿ, ಕಸ ಇಳಿಸಿ, ಐಸ್ ಮತ್ತು ನೀರಿನ ಕ್ಯಾನ್ ಹೇರುವ ಜಾಗ ಇದು. ಡೀಸೆಲ್ ಹಾಕುವವರಿಗೆ ನೀರಿನ ಬಾಯಿ, ಡೀಸೆಲ್ ಬಾಯಿ ಬೇರೆ ಬೇರೆ ತೋರಿಸಿ ಪಕ್ಕದಲ್ಲೇ ನಿಂತಿರಿ. ಡೆಕ್ಕಿನ ಮೇಲೆ ಎರಡೂ ಮುಚ್ಚಳ ಒಂದೇ ಥರ. ನೀರಿನ ಟ್ಯಾಂಕಿಗೆ ಡೀಸೆಲ್ ಹೋದರೆ ರಜೆ ಅಲ್ಲಿಗೆ ಮುಗಿಯಿತು.

ಧಕ್ಕೆಯಿಂದ ಬಸ್ಸು ಹತ್ತಿದರೆ ಗುಡ್ಡದ ಮೇಲೆ ವಾಲೆ ದ ಮೈ. 1983ರಿಂದ ಯುನೆಸ್ಕೊ ಪಟ್ಟಿಯಲ್ಲಿರುವ, 20 ಹೆಕ್ಟೇರಿಗಿಂತಲೂ ಸಣ್ಣ ತಾಳೆಕಾಡು. ಕೋಕೊ ಡಿ ಮೇರ್ ಮರ ಸಹಜವಾಗಿ ಬೆಳೆಯುವುದು ಪ್ರಾಲಿನ್, ಕ್ಯೂರಿಯೂಸ್‌ಗಳಲ್ಲಿ ಮಾತ್ರ. ಜಗತ್ತಿನ ಅತಿ ಭಾರದ ಬೀಜ ಅದರದು. ಊರಿಗೆ ಒಯ್ಯುವ ಆಸೆಯಾದರೆ ಅಧಿಕೃತ ಪರವಾನಗಿ ಚೀಟಿ ಅಂಟಿಸಿದ್ದನ್ನೇ ಕೊಳ್ಳಬೇಕು, ಇಲ್ಲದಿದ್ದರೆ ವಿಮಾನ ನಿಲ್ದಾಣದಲ್ಲಿ ಹೋಗುತ್ತದೆ. ತೂಕ ನೆನಪಿಟ್ಟುಕೊಂಡರೆ ಆಸೆ ತಾನಾಗಿ ಇಳಿಯುತ್ತದೆ.

ಬುಧವಾರ: ಲಾ ಡೀಗ್

ಬೇ ಸಾಂತ್ ಆನ್‌ನಿಂದ ನಾಲ್ಕೇ ಮೈಲಿ. ತೊಂದರೆ ಇರುವುದು ದೂರದಲ್ಲಲ್ಲ, ಲಾ ಪಾಸ್ ಬಂದರಿನಲ್ಲಿ. ಅದು ಬಹಳ ಸಣ್ಣದು. ಮುಂದೆ ಲಂಗರು ಬಿಟ್ಟು, ಹಿಂಬದಿಯನ್ನು ದಡಕ್ಕೆ ಮಾಡಿ ಎರಡು ಹಗ್ಗದಿಂದ ಕಟ್ಟಬೇಕು. ಪಕ್ಕದ ದೋಣಿಯ ಸರಪಳಿಯ ಮೇಲೆ ನಿಮ್ಮದು ಬಿದ್ದರೆ ಬೆಳಿಗ್ಗೆ ಇಬ್ಬರೂ ಸಿಕ್ಕು ಬಿಡಿಸುತ್ತಾ ನಿಲ್ಲಬೇಕು. ಫೆರಿ ತಿರುಗುವ ಜಾಗ ಬಿಡಲೇಬೇಕು. ಹನ್ನೊಂದರ ಮೇಲೆ ಜಾಗ ಸಿಗುವುದು ಕಷ್ಟ. ಹೊರಗೆ ಲಂಗರು ಹಾಕಿದವರಿಗೆ ಫೆರಿಯ ತೆರೆ, ಕಡಲ ತೆರೆ ಎರಡೂ ಬಡಿಯುತ್ತವೆ. ಸ್ಕಿಪ್ಪರ್ ಇಲ್ಲದ ತಂಡಕ್ಕೆ ನನ್ನ ಸಲಹೆ ನೇರ: ದೋಣಿಯನ್ನು ಬೇ ಸಾಂತ್ ಆನ್‌ನಲ್ಲೇ ಬಿಟ್ಟು ಕಾಲು ಗಂಟೆಯ ಫೆರಿಯಲ್ಲಿ ಹೋಗಿ ಬನ್ನಿ. ದೋಣಿ ಇದ್ದೂ ಫೆರಿ ಹತ್ತುವುದೇ ಎಂಬ ಬಿಂಕ ಇಲ್ಲಿ ದುಬಾರಿ.

ಧಕ್ಕೆಯ ಎದುರಿಗೇ ಸೈಕಲ್ ಬಾಡಿಗೆ. ಬ್ರೇಕ್ ಹಿಡಿದು ನೋಡಿ ತೆಗೆದುಕೊಳ್ಳಿ, ಪೂರ್ವಕ್ಕೆ ಗ್ರಾಂದ್ ಆನ್ಸ್ ದಾರಿಯಲ್ಲಿ ಇಳಿಜಾರಿದೆ. ಆನ್ಸ್ ಸೂರ್ಸ್ ದಾರ್ಜಾನ್‌ಗೆ ಲ್ಯೂನಿಯೋಂ ಎಸ್ಟೇಟ್ ಮೂಲಕ ಶುಲ್ಕ ಕೊಟ್ಟು ಹೋಗಬೇಕು. ಹಳೆಯ ಕೊಬ್ಬರಿ ಗಾಣ, ವೆನಿಲಾ ತೋಟ ದಾರಿಯಲ್ಲೇ. ಈ ತೀರದಲ್ಲಿರುವುದು ಹವಳದ ದಿಬ್ಬದ ಒಳಗಿನ ಸೊಂಟದೆತ್ತರದ ನೀರು: ಇಳಿತದಲ್ಲಿ ಈಜಲು ಆಗದು, ಪೂರ್ಣ ಉಬ್ಬರದಲ್ಲಿ ಬಂಡೆಗಳ ನಡುವಿನ ಮರಳೇ ಮುಳುಗಿ ನಡೆಯಲು ಆಗದು. ಉಬ್ಬರ ಅರ್ಧ ಏರಿದ ಹೊತ್ತು ಒಳ್ಳೆಯದು, ಉಬ್ಬರದ ಪಟ್ಟಿ ನೋಡಿಯೇ ಸೈಕಲ್ ಹತ್ತಿ. ಗ್ರಾಂದ್ ಆನ್ಸ್ ನೋಡಲು ಚೆಂದ, ಆದರೆ ಆಗ್ನೇಯ ಗಾಳಿಯ ಕಾಲದಲ್ಲಿ ಸೆಳೆತ ಕೆಟ್ಟದ್ದು. ಮಕ್ಕಳು ನೀರಿಗಿಳಿಯಬಾರದು.

ಗುರುವಾರ: ಕೋಕೊ ಮತ್ತು ಗ್ರಾಂದ್ ಸ್ಯೂರ್

ಲಾ ಡೀಗ್‌ನ ಈಶಾನ್ಯಕ್ಕೆ ಫೆಲಿಸಿಟೆ ದ್ವೀಪ, ಅದರ ಆಚೆ ಕೋಕೊ, ಇನ್ನೂ ಉತ್ತರಕ್ಕೆ ಗ್ರಾಂದ್ ಸ್ಯೂರ್. ಎಲ್ಲ ಸೇರಿ ಹೋಗಿಬರಲು ಹನ್ನೆರಡು–ಹದಿನೈದು ಮೈಲಿ. ಕೋಕೊದಲ್ಲಿ ದ್ವೀಪಗಳ ನಡುವೆ ಹರಿವು ಬಲವಾಗಿರುತ್ತದೆ. ಈಜುವವರು ಮೊದಲು ಹರಿವಿಗೆ ಎದುರಾಗಿ ಹೋಗಿ, ದಣಿದ ಮೇಲೆ ಅದರ ಜೊತೆ ತೇಲಿ ಮರಳುವುದು. ತಿರುಗುಮುರುಗಾದರೆ ಡಿಂಗಿ ಅಟ್ಟಿಸಿಕೊಂಡು ಬರಬೇಕು. ಗ್ರಾಂದ್ ಸ್ಯೂರ್ ಖಾಸಗಿ, ಇಳಿಯಲು ಶುಲ್ಕವಿದೆ, ಎಲ್ಲ ದಿನ ಬಿಡುವುದಿಲ್ಲ. ಯಾವ ದಿನ ಎಂದು ಶನಿವಾರವೇ ಕಂಪನಿಯವರಲ್ಲಿ ಖಚಿತಪಡಿಸಿಕೊಂಡಿರಿ. ಹಗಲಿಗೆ ಮಾತ್ರ ಈ ಕಡೆ, ರಾತ್ರಿಗೆ ಆಸರೆಯಿಲ್ಲ. ಮೂರಕ್ಕೆ ಲಂಗರು ಎತ್ತಿದರೆ ಬೆಳಕಿರುವಾಗಲೇ ಬೇ ಸಾಂತ್ ಆನ್.

ಕೂಸಿನ್ ದ್ವೀಪ ನೋಡಲೇಬೇಕು ಎನ್ನುವ ಪಕ್ಷಿಪ್ರಿಯರು ಇರುತ್ತಾರೆ. 1968ರಲ್ಲಿ ಹಕ್ಕಿಗಳಿಗಾಗಿಯೇ ಕೊಂಡ ದ್ವೀಪ ಅದು, ಅಳಿವಿನಂಚಿನಲ್ಲಿದ್ದ ಸೇಶೆಲ್ಸ್ ವಾರ್ಬ್ಲರ್ ಅಲ್ಲೇ ಉಳಿದುಕೊಂಡಿತು. ವಾರದ ದಿನ ಬೆಳಿಗ್ಗೆ ಮಾತ್ರ ಪ್ರವೇಶ. ನಿಮ್ಮ ಡಿಂಗಿಯಲ್ಲಿ ಇಳಿಯುವಂತಿಲ್ಲ, ಇಲಿ ದಾಟದಿರಲೆಂದು ಅವರದೇ ದೋಣಿ ಬಂದು ಕರೆದೊಯ್ಯುತ್ತದೆ. ಹೊರಗೆ ಲಂಗರು ಹಾಕುವ ಜಾಗ ಕುಲುಕಾಟದ್ದು. ಇದನ್ನು ಮರಳುವ ಶುಕ್ರವಾರಕ್ಕೆ ಜೋಡಿಸುವವರಿದ್ದಾರೆ. ಹನ್ನೊಂದೂವರೆಗೆ ಮುಗಿಸಿ ಹೊರಟರೂ ಮಾಹೆ ಸೇರುವಾಗ ಮೂರೂವರೆ, ಡೀಸೆಲ್ ಸಾಲಿನಲ್ಲಿ ಇನ್ನೊಂದು ಗಂಟೆ. ಕೂಸಿನ್ ಬೇಕಿದ್ದರೆ ಗ್ರಾಂದ್ ಸ್ಯೂರ್ ಬಿಟ್ಟು ಗುರುವಾರವೇ ಮಾಡಿ.

ಶುಕ್ರವಾರ: ಮಾಹೆಗೆ

ಆರೂವರೆಗೆ ಹೊರಟರೆ ಹನ್ನೊಂದಕ್ಕೆ ಸಾಂತ್ ಆನ್ ಸಾಗರ ಉದ್ಯಾನ. 1973ರಲ್ಲಿ ಘೋಷಿಸಿದ ಈ ಉದ್ಯಾನದೊಳಗಿನ ಮೊಯೆನ್ ದ್ವೀಪವನ್ನು ಬ್ರೆಂಡನ್ ಗ್ರಿಮ್‌ಶಾ ಎಂಬ ಇಂಗ್ಲಿಷ್ ಪತ್ರಕರ್ತ 1962ರಲ್ಲಿ ಕೊಂಡು, ಸಾವಿರಾರು ಗಿಡ ನೆಟ್ಟು, ಆಮೆಗಳನ್ನು ತಂದು ಬಿಟ್ಟು, 2012ರಲ್ಲಿ ತೀರಿಕೊಳ್ಳುವವರೆಗೂ ಅಲ್ಲೇ ಇದ್ದರು. ಈಗ ಅದು ರಾಷ್ಟ್ರೀಯ ಉದ್ಯಾನ. ಸುತ್ತು ಹಾಕಲು ಒಂದು ಗಂಟೆ ಸಾಕು. ಗಾಳಿ ಕೈಕೊಟ್ಟು ತಡವಾದರೆ ಬಿಟ್ಟುಬಿಡಬಹುದಾದದ್ದೂ ಇದೇ, ಅದಕ್ಕೇ ಇದನ್ನು ಮೊದಲ ದಿನಕ್ಕೆ ಇಡದೆ ಕೊನೆಗೆ ಇಟ್ಟದ್ದು.

ಎರಡೂವರೆಗೆ ಡೀಸೆಲ್ ಧಕ್ಕೆಗೆ. ಮೂರರ ಮೇಲೆ ಎಲ್ಲ ದೋಣಿಗಳೂ ಒಟ್ಟಿಗೆ ಬರುತ್ತವೆ. ರಸೀದಿ ಇಟ್ಟುಕೊಳ್ಳಿ. ಕೆಟ್ಟದ್ದು, ಮುರಿದದ್ದು ಏನಿದ್ದರೂ ಆದ ದಿನವೇ ಫೋನಿನಲ್ಲಿ ತಿಳಿಸಿ ಸಂದೇಶ ಉಳಿಸಿಕೊಂಡಿರಬೇಕು. ಕೊನೆಯ ದಿನ ಹೇಳಿದ್ದನ್ನೆಲ್ಲ ನಿಮ್ಮ ಲೆಕ್ಕಕ್ಕೇ ಬರೆಯುತ್ತಾರೆ.

ಶನಿವಾರ ಬೆಳಿಗ್ಗೆ

ಮುಳುಗುಗಾರ ಬಂದು ತಳ, ಚುಕ್ಕಾಣಿ, ಪ್ರೊಪೆಲ್ಲರ್ ನೋಡುತ್ತಾನೆ. ಆ ಹೊತ್ತಿಗೆ ನಿಮ್ಮಲ್ಲೊಬ್ಬರು ಅಲ್ಲೇ ಇರಿ, ಎಲ್ಲರೂ ಟ್ಯಾಕ್ಸಿ ಹತ್ತಿ ಹೋಗಬೇಡಿ. ಗೀರು ತೋರಿಸಿದರೆ ಹಿಂದಿನ ಶನಿವಾರದ ಫೋಟೋ ತೆರೆಯಿರಿ. ಕಳೆದ ಈಜುಗನ್ನಡಕ, ಈಜುವ ರೆಕ್ಕೆಚಪ್ಪಲಿ, ಒಡೆದ ಲೋಟ ಎಣಿಸಿ ಕಡಿತ ಹಾಕುವುದು ಮಾಮೂಲು, ಸಣ್ಣ ಮೊತ್ತ. ಡೆಪಾಸಿಟ್ ಬಿಡುಗಡೆಯ ಚೀಟಿಗೆ ಸಹಿ ಮಾಡಿಸಿಕೊಂಡೇ ಹೊರಡಿ. ಬ್ಯಾಂಕಿನಲ್ಲಿ ಆ ತಡೆ ಕಳಚಲು ಒಂದೆರಡು ವಾರ ಹಿಡಿಯಬಹುದು, ಅಲ್ಲಿಯವರೆಗೆ ಆ ಕಾರ್ಡಿನ ಮಿತಿ ಅಷ್ಟು ಕಡಿಮೆ ಎಂದೇ ಲೆಕ್ಕ.